ಕೋಳಿ ಹಿಕ್ಕೆಯ ಗ್ಯಾಸ್: ನೀರು, ಸಪ್ಪೆ, ಜಿಯೋಲೈಟ್

ಗೋಬರ್ ಗ್ಯಾಸ್ ಟ್ಯಾಂಕಿಗೆ ಬರೀ ಕೋಳಿ ಹಿಕ್ಕೆ ಹಾಕಿದರೆ ಮೊದಮೊದಲು ಉರಿ ಜೋರಾಗಿಯೇ ಇರುತ್ತದೆ. ಆಮೇಲೆ ಸೊರಗುತ್ತದೆ. ಹಿಕ್ಕೆಯ ಮೇಲಿನ ಬಿಳಿ ಭಾಗ ಇದೆಯಲ್ಲ, ಅದು ಯೂರಿಕ್ ಆಮ್ಲ. ಟ್ಯಾಂಕಿನೊಳಗೆ ಅದು ಅಮೋನಿಯಾ ಆಗಿ, ಉರಿಯುವ ಗ್ಯಾಸಾದ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಕೈಕಟ್ಟುತ್ತದೆ. ದಾವಣಗೆರೆ ಕಡೆಯ ನಮ್ಮ ಲೇಯರ್ (ಮೊಟ್ಟೆ ಕೋಳಿ) ಫಾರ್ಮಿನಲ್ಲಿ ಇದಕ್ಕೆ ಮೂರು ದಾರಿ ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭ ನೀರು. ಒಂದು ಪಾಲು ಹಿಕ್ಕೆಗೆ ನಾಲ್ಕು ಪಾಲು ನೀರು ಹಾಕಿದರೆ ಅಮೋನಿಯಾ ತೆಳುವಾಗುತ್ತದೆ. ಕಲಸುವ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹಿಕ್ಕೆಯಲ್ಲಿರುವ ಸುಣ್ಣಕಲ್ಲಿನ ಚೂರೂ ತಳಕ್ಕಿಳಿಯುತ್ತದೆ. ಆದರೆ ಸಗಣಿಗೆ ಸಾಮಾನ್ಯವಾಗಿ ಹಾಕುವುದು ಸಮಸಮ ನೀರು. ಆ ಲೆಕ್ಕದಲ್ಲಿ 40 ದಿನ ಒಳಗಿರಬೇಕಾದ ಮಾಲು, ಅಷ್ಟೇ ತೂಕದ ಹಿಕ್ಕೆ ಹೀಗೆ ಹಾಕಿದರೆ 16 ದಿನಕ್ಕೇ ಹೊರಗೆ ಬರುತ್ತದೆ. ಪೂರ್ತಿ ಕೊಳೆಯುವುದೇ ಇಲ್ಲ. ಬೇಸಿಗೆಯಲ್ಲಿ ಬೋರ್ ಬತ್ತಿದಾಗ ಅಷ್ಟು ನೀರು ತರುವುದಾದರೂ ಎಲ್ಲಿಂದ? ಹೊರಬಂದ ಸ್ಲರಿ (ಕೊಳೆತ ಬಗ್ಗಡ) ನೀರನ್ನೇ ಮತ್ತೆ ಕಲಸಲು ಬಳಸಿದರೆ ಅಮೋನಿಯಾ ಸುತ್ತಿ ಸುತ್ತಿ ಒಳಗೇ ಸೇರುತ್ತದೆ.

ನನಗೆ ಹಿಡಿಸಿದ್ದು ಸಗಣಿ ಮತ್ತು ಮೆಕ್ಕೆಜೋಳದ ಸಪ್ಪೆ, ಅಂದರೆ ತೆನೆ ಮುರಿದ ಮೇಲೆ ಉಳಿಯುವ ಒಣ ದಂಟು, ಹಿಕ್ಕೆಯ ಜೊತೆ ಬೆರೆಸುವುದು. ಹೆಚ್ಚಾದ ಸಾರಜನಕವೇ ಅಮೋನಿಯಾ ಆಗುವುದು. ಹಿಕ್ಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 10 ಪಾಲಿನ ಆಸುಪಾಸು. ಬೇಕಾಗಿರುವುದು 20ರಿಂದ 30. ಸಪ್ಪೆಯಲ್ಲಿ ಅದು 50ರ ಮೇಲಿದೆ, ನಮ್ಮ ಕಡೆ ಹೊಲದಲ್ಲೇ ಸುಮ್ನೆ ಸುಟ್ಟುಹೋಗುತ್ತದೆ. ಕೆಲಸ ಮಾತ್ರ ಜಾಸ್ತಿ. ಉದ್ದುದ್ದ ತುಂಡು ಹಾಕಿದರೆ ತೇಲಿ, ಮೇಲೆ ಗಟ್ಟಿ ಪದರ ಕಟ್ಟಿ ಗ್ಯಾಸನ್ನೇ ತಡೆಯುತ್ತದೆ. ಮೇವು ಕತ್ತರಿಸುವ ಮಷೀನಿನಲ್ಲಿ ಸಣ್ಣಗೆ ಕೊಚ್ಚಿ, ಡ್ರಮ್ಮಿನಲ್ಲಿ ಸ್ಲರಿ ಹಾಕಿ ನೆನೆಸಿಡಬೇಕು. ಕೈಯಲ್ಲಿ ಹಿಸುಕಿದರೆ ಮೆತ್ತಗಾಗಿರಬೇಕು, ಆಗ ಒಳಗೆ ಬಿಡಬಹುದು. ಹೀಗೆ ಮಾಡಿದಾಗ ಉರಿ ನೀಲಿಯಾಗಿ ಒಂದೇ ಸಮ ನಿಂತಿತು.

ಮೂರನೆಯದು ಜಿಯೋಲೈಟ್ ಎಂಬ ಖನಿಜದ ಪುಡಿ. ಅದು ನೀರಿನಲ್ಲಿ ಕರಗಿದ ಅಮೋನಿಯಾ (ಅಮೋನಿಯಂ) ಹೀರುತ್ತದೆ, ಸ್ಲರಿಯ ಜೊತೆ ಹೊಲಕ್ಕೂ ಒಳ್ಳೆಯದೇ. ಆದರೆ ಸ್ಲರಿಯ ಜೊತೆ ಹೊರಗೆ ಹೋಗುತ್ತಲೇ ಇರುವುದರಿಂದ ಮತ್ತೆ ಮತ್ತೆ ಹಾಕಬೇಕು. ಸಣ್ಣ ಫಾರ್ಮಿಗೆ ಆ ಖರ್ಚು ಗಿಟ್ಟುವುದಿಲ್ಲ.

ಯಾವ ದಾರಿ ಹಿಡಿದರೂ ಹುಳಿ-ಕ್ಷಾರ ಅಳೆಯುವ ಪಿಹೆಚ್ ಕಾಗದದ ಪಟ್ಟಿ ಇಟ್ಟುಕೊಳ್ಳಿ. 35 ಡಿಗ್ರಿ ಬಿಸಿಯಲ್ಲಿ ಪಿಹೆಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷವಾಗುವ ರೂಪ ಶೇ. 1ರಷ್ಟು, 8ಕ್ಕೆ ಏರಿದರೆ ಸುಮಾರು ಶೇ. 10. ಅದಕ್ಕೇ ಗ್ಯಾಸ್ ಕಡಿಮೆಯಾಯಿತೆಂದು ಸುಣ್ಣ ಸುರಿಯಬೇಡಿ, ಅದು ಪಿಹೆಚ್ ಇನ್ನೂ ಏರಿಸುತ್ತದೆ. ಪಿಹೆಚ್ 8 ದಾಟಿದರೆ ಹಿಕ್ಕೆ ನಿಲ್ಲಿಸಿ, ಕೆಲವು ದಿನ ಬರೀ ಸಗಣಿ ನೀರು ಬಿಡಿ.