ರಾಮ್ ಆಶ್ರಯ, ಮಾಟುಂಗಾ: ನೈಟ್ ಡೆಸ್ಕ್ ಮುಗಿಸಿ ಬರುವವರಿಗೆ

ಮುಂಬೈಯಲ್ಲಿ ಪತ್ರಿಕೋದ್ಯಮ ಕಲಿಯಲು ಬಂದ ಕನ್ನಡದ ಹುಡುಗ ಹುಡುಗಿಯರು ಯಾರೇ ಸಿಕ್ಕರೂ ನಾನು ಮೊದಲು ಹೇಳುವ ಹೋಟೆಲ್ ಇದು. ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಬರುವ ಮಾಟುಂಗಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದರೆ ಹತ್ತಿರದಲ್ಲೇ ಇದೆ. 1939ರಿಂದ ನಡೆಯುತ್ತಿದೆ. ಬೆಳಗ್ಗೆ 5ಕ್ಕೆ ಬಾಗಿಲು ತೆಗೆಯುತ್ತಾರೆ. ತಿಂಡಿ ಚೆನ್ನಾಗಿದೆ ಅನ್ನುವುದು ಇಡೀ ಊರಿಗೆ ಗೊತ್ತು, ನಮ್ಮಂಥವರಿಗೆ ಬೇಕಾದದ್ದು ಆ 5 ಗಂಟೆ.

ಯಾಕೆ ಅಂತ ಹೇಳುತ್ತೇನೆ. ಕೋರ್ಸ್ ಸೇರಿದ ದಿನ ಟೈಮ್‌ಟೇಬಲ್ ಕೊಡುತ್ತಾರೆ, ಅದರಲ್ಲಿ ಶನಿವಾರ ಮಧ್ಯಾಹ್ನ ಖಾಲಿ, ಭಾನುವಾರ ಪೂರ್ತಿ ಖಾಲಿ. ಅದನ್ನು ನಂಬಬೇಡಿ. ಶನಿವಾರ ಆಜಾದ್ ಮೈದಾನದಲ್ಲಿ ಯಾರಾದರೂ ಧರಣಿ ಕೂತರೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ ವರದಿ ಕೊಡಬೇಕು. ಮಾತಾಡಿಸಿದ್ದು ಅರ್ಧ ಗಂಟೆ ಇರಬಹುದು, ರೆಕಾರ್ಡಿಂಗ್ ಹಿಂದೆ ಮುಂದೆ ಎಳೆದು ಅದನ್ನು ಬರೆದಿಳಿಸುವಷ್ಟರಲ್ಲಿ ರಾತ್ರಿ ಆಗಿರುತ್ತದೆ. ಇಂಟರ್ನ್‌ಶಿಪ್ ಶುರುವಾದ ಮೇಲಂತೂ ಕೇಳಲೇಬೇಡಿ. ನೈಟ್ ಡೆಸ್ಕ್, ಅಂದರೆ ರಾತ್ರಿ ಕೂತು ಸುದ್ದಿ ತಿದ್ದಿ ಪುಟ ಸಿದ್ಧ ಮಾಡುವ ಪಾಳಿ, ಹಾಕಿದರೆ ಸಿಟಿ ಎಡಿಷನ್ನಿನ ಪುಟ ಪ್ರೆಸ್ಸಿಗೆ ಹೋಗುವ ತನಕ ಏಳುವ ಹಾಗಿಲ್ಲ. ಅಷ್ಟರಲ್ಲಿ ಕೊನೆಯ ಲೋಕಲ್ ಹೋಗಿರುತ್ತದೆ, ಮತ್ತೆ ರೈಲು ಶುರುವಾಗುವುದು ಬೆಳಗಿನ ಜಾವ 4ರ ಮೇಲೆ. ನಾನಿದ್ದ ಕಡೆ ವಾರದ ರಜೆಯನ್ನು ಹಿಂದಿನ ರಾತ್ರಿ ಒಂದು ವಾಟ್ಸಾಪ್ ಮೆಸೇಜ್ ಹಾಕಿ ತೆಗೆದುಬಿಡುತ್ತಿದ್ದರು. ಕಲಿಯುವವರಿಗೆ ರಜೆ ಯಾಕೆ ಅನ್ನುವ ಧೋರಣೆ. ಇದು ತಪ್ಪು. ನಿದ್ದೆಗೆಟ್ಟ ಕಣ್ಣಿಗೆ ತಲೆಬರಹದಲ್ಲಿರುವ ತಪ್ಪೂ ಕಾಣುವುದಿಲ್ಲ, ಅದು ಡೆಸ್ಕಿನಲ್ಲಿ ಕೂತ ಎಲ್ಲರಿಗೂ ಗೊತ್ತು.

ಈ ಕಲಿಕೆಯಲ್ಲಿ ಬಿಡುವು ಇಡಿಯಾಗಿ ಸಿಗುವುದಿಲ್ಲ. ಚೂರು ಚೂರಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಸಿಗುತ್ತದೆ. ಭಾನುವಾರಕ್ಕೆ ಅಂತ ಎತ್ತಿಟ್ಟರೆ ಅದು ಬರುವುದೇ ಇಲ್ಲ. ಸಿಕ್ಕ ಮುಕ್ಕಾಲು ಗಂಟೆಯನ್ನು ಅಲ್ಲೇ, ಆಗಲೇ ಬಳಸಬೇಕು, ಅದಕ್ಕೆ ಆ ಹೊತ್ತಿನಲ್ಲಿ ತೆರೆದಿರುವ ಜಾಗ ಬೇಕು.

ಹೋಗುವವರಿಗೆ ಒಂದು ಮಾತು. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಲೋ ಲೋಕಲ್ಲೇ ಹತ್ತಿ. ಫಾಸ್ಟ್ ರೈಲು ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ನಿದ್ದೆಗಣ್ಣಿನಲ್ಲಿ ದಾದರ್ ದಾಟಿದರೆ ಕುರ್ಲಾಕ್ಕೇ ಹೋಗಿ ಇಳಿಯುತ್ತೀರಿ. ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಬೇರೆ ಸ್ಟೇಷನ್, ಅದೂ ನೆನಪಿರಲಿ. 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುವ ಸ್ಟೇಷನ್ ಅಂತ ಹೆಸರಾಯಿತಲ್ಲ, ಅದು ಈ ಸೆಂಟ್ರಲ್ ಲೈನಿನ ಮಾಟುಂಗಾ. ಈ ಮಾತು ಹೇಳಿದ ಮೇಲೆ ಡೊಂಬಿವಲಿಯಲ್ಲಿ ನನ್ನ ಅಮ್ಮನ ಗಾಬರಿ ಅರ್ಧ ಇಳಿಯಿತು.

ಇನ್ನು ತಿಂಡಿ. ಉಪ್ಪಿಟ್ಟು ತಗೊಳ್ಳಿ. ಬಿಸಿ ಅಂದರೆ ಬಿಸಿ, ಬೆರಳಿಟ್ಟರೆ ಚುರ್ ಅನ್ನಬೇಕು ಹಾಗೆ. ರವೆ ಮುದ್ದೆಯಾಗಿರುವುದಿಲ್ಲ, ಪುಡಿಪುಡಿ ಉದುರುವುದೂ ಇಲ್ಲ, ಚಮಚ ಇಟ್ಟರೆ ಮೆತ್ತಗೆ ಬಿಟ್ಟುಕೊಳ್ಳುತ್ತದೆ. ಜೊತೆಗೆ ಕಾಯಿ ಚಟ್ನಿ. ರಾತ್ರಿಯೆಲ್ಲ ಆಫೀಸಿನ ಮೆಷೀನ್ ಚಹಾ ಕುಡಿದು ಸತ್ತ ನಾಲಿಗೆಗೆ ಮೊದಲ ತುತ್ತಿನಲ್ಲೇ ಜೀವ ಬರುತ್ತದೆ. ಶೀರಾ ಒಂದೊಂದು ದಿನ ಒಂದೊಂದು ಬಗೆ. ನನಗೆ ಅನಾನಸಿನದ್ದು ಇಷ್ಟ, ಸೀಸನ್ನಿನಲ್ಲಿ ಮಾವಿನದ್ದೂ ಸಿಗುತ್ತದೆ. ಕೊನೆಗೆ ಫಿಲ್ಟರ್ ಕಾಫಿ, ನೊರೆ ಇಳಿಯುವ ಮೊದಲೇ ಕುಡಿಯಬೇಕು. ರೇಟು ಟ್ರೈನಿಯ ಕಿಸೆಗೆ ಭಾರ ಆಗುವುದಿಲ್ಲ.

ಟೇಬಲ್ ಹಂಚಿಕೊಂಡು ಕೂರಬೇಕಾಗುತ್ತದೆ. ಎದುರಿಗೆ ವಾಕಿಂಗ್ ಮುಗಿಸಿದ ಅಜ್ಜ ಇರಬಹುದು, ಹೂವಿನ ಮಾರ್ಕೆಟ್ಟಿನವರು ಇರಬಹುದು. ಸುಮ್ನೆ ಒಂದು ಮಾತು ತೆಗೆದರೆ ಸಾಕು, ಅವರೇ ಹೇಳುತ್ತಾ ಹೋಗುತ್ತಾರೆ. ಈ ಭಾಗದ ಹಳಬರ ಬಾಯಲ್ಲಿ ರಾತ್ರಿ ಶಾಲೆಗಳ ಮಾತು ಬಂದೇ ಬರುತ್ತದೆ, ಹಗಲು ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದವರು ಮುಂಬೈಯಲ್ಲಿ ಎಷ್ಟು ಜನ! ಅವರಿಗೆ ಬಿಡುವು ಅನ್ನುವುದೇ ಇರಲಿಲ್ಲ ಅಲ್ವಾ. ಅವರ ಕಷ್ಟ ನಮಗೂ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಕೂತಾಗ ಅವರ ನೆನಪು ಬರುತ್ತದೆ. ಆ ಹೊತ್ತಿನಲ್ಲಿ ನಾನು ನೋಟ್‌ಬುಕ್ ತೆಗೆಯುವುದಿಲ್ಲ, ಅದೊಂದು ನಿಯಮ ಮಾಡಿಕೊಂಡಿದ್ದೇನೆ. ಎಲ್ಲ ಮಾತನ್ನೂ ಸುದ್ದಿ ಮಾಡಲು ಹೊರಟರೆ ಬಿಡುವು ಎಲ್ಲಿ ಉಳಿಯಿತು?

ಹಾಗಂತ ಲ್ಯಾಪ್‌ಟಾಪ್ ಬಿಚ್ಚಿ ಅಸೈನ್‌ಮೆಂಟ್ ಬರೆಯುವ ಜಾಗ ಇದಲ್ಲ. ಬಂದಿರಾ, ತಿಂದಿರಾ, ಎದ್ದಿರಾ, ಅಷ್ಟೇ. ನನಗೆ ಅದೇ ಇಷ್ಟ. ಅಲ್ಲಿ ಕೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಆ ಹೊತ್ತು ಪೂರ್ತಿ ನಿಮ್ಮದು.

ಅದೃಷ್ಟಕ್ಕೆ ಪೂರ್ತಿ ದಿನ ರಜೆ ಸಿಕ್ಕಿತು ಅಂದುಕೊಳ್ಳಿ, ಆಗ ಮಧ್ಯಾಹ್ನ ಅಲ್ಲೇ ಹತ್ತಿರದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಹೋಗಿ, 1942ರದ್ದು, ಬಾಳೆ ಎಲೆ ಊಟ, ಅವಸರ ಮಾಡಬೇಡಿ. ಸಂಜೆ ಮಾಟುಂಗಾದಲ್ಲೇ ಇರುವ ಕನ್ನಡ ಸಂಘ ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕ ಇದೆಯಾ ಅಂತ ವಿಚಾರಿಸಿ. ಡೆಸ್ಕಿನವರಿಗೆ ರಜೆ ಸೋಮವಾರ ಬೀಳುವುದು ಜಾಸ್ತಿ, ಅದೇ ದಿನ ರಾಮ ನಾಯಕ್ ಮುಚ್ಚಿರುತ್ತದೆ, ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್ ಕೂಡ. ರಜೆ ಕೇಳುವಾಗ ಮಂಗಳವಾರ ಕೇಳಿ. ಇನ್ನು ಭಾನುವಾರ ರಾಮ್ ಆಶ್ರಯಕ್ಕೆ ಹೋಗುವುದಾದರೆ 7ರ ಒಳಗೆ ಹೋಗಿ, ಆಮೇಲೆ ಮನೆಮಂದಿಯೆಲ್ಲ ಸೇರಿ ಬರುವವರ ಸಾಲು ಶುರುವಾಗುತ್ತದೆ.