ಎರಡು ಚಳಿಗಾಲ ಸೊಂಟಕ್ಕೆ ಕಟ್ಟಿಕೊಂಡ ಹೀಟಿಂಗ್ ಬೆಲ್ಟ್

ಸೊಂಟಕ್ಕೆ ಸುತ್ತಿಕೊಂಡರೆ ವಿದ್ಯುತ್ತಿನಿಂದ ಬಿಸಿಯಾಗುವ ಹೀಟಿಂಗ್ ಬೆಲ್ಟ್ ಕೊಂಡು ಎರಡು ಚಳಿಗಾಲಗಳು ಕಳೆದವು. ಅದರ ಜೊತೆಗೆ ಕೈಯಲ್ಲಿ ಹಿಡಿದು ಓಡಿಸುವ ವಿದ್ಯುತ್ ಮಸಾಜರ್ ಒಂದನ್ನೂ ರಬ್ಬರಿನ ಬಿಸಿನೀರಿನ ಚೀಲ ಒಂದನ್ನೂ ಕೊಂಡಿದ್ದೆ. ಆಗ ಇದ್ದ ಆಸೆ ಒಂದೇ, ಹೊಟ್ಟೆಯ ಬೊಜ್ಜು ಕರಗಬೇಕು. ಅದೇ ಆಸೆಯಿಂದ ಕೊಳ್ಳಲು ಹೊರಟವರಿದ್ದರೆ ನೇರವಾಗಿ ಹೇಳುತ್ತೇನೆ, ಬೇಡ. ಆದರೆ ನನ್ನ ಬೆಲ್ಟ್ ಇಂದಿಗೂ ಹಾಸಿಗೆಯ ಪಕ್ಕದಲ್ಲೇ ಇದೆ. ಎರಡನೆಯ ಚಳಿಗಾಲದ ಬೆಳಗಿನಲ್ಲಿ ಅದಿಲ್ಲದೆ ನಾನು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಮೊದಲ ಚಳಿಗಾಲದಲ್ಲಿ ನಾನು ಬಹಳ ಶ್ರದ್ಧೆಯಿಂದ ಬಳಸಿದೆ. ದಿನವೂ ಸಂಜೆ ಹೊಟ್ಟೆಯ ಸುತ್ತ ಬಿಗಿಯಾಗಿ ಸುತ್ತಿ, ಮೂರು ಹಂತಗಳಲ್ಲಿ ಮೇಲಿನದನ್ನೇ ಒತ್ತಿ, ನಲವತ್ತು ನಿಮಿಷ ಕೂರುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುತ್ತಿತ್ತು, ಮತ್ತೆ ಒತ್ತುತ್ತಿದ್ದೆ. ಬಿಚ್ಚಿದಾಗ ಒಳಗಿನ ಬನಿಯನ್ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿರುತ್ತಿತ್ತು. ಮೊದಲ ದಿನವೇ ತೂಕದ ಯಂತ್ರ 78.4 ಕಿಲೋದಿಂದ 77.9ಕ್ಕೆ ಇಳಿದದ್ದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಎರಡು ಲೋಟ ನೀರು ಕುಡಿದೆ, ಊಟ ಮಾಡಿದೆ, ಮಲಗಿದೆ. ಬೆಳಿಗ್ಗೆ ಮತ್ತೆ 78.4.

ಆರು ವಾರ ಹೀಗೆಯೇ ನಡೆಯಿತು. ಅಳತೆ ಪಟ್ಟಿಯ ಕಥೆಯೂ ಅದೇ. ಬೆಲ್ಟ್ ಬಿಚ್ಚಿದ ಕೂಡಲೇ ಸೊಂಟ 94.5 ಸೆಂಟಿಮೀಟರ್, ಮರುದಿನ ಬೆಳಿಗ್ಗೆ 96. ಬಿಗಿಯಾಗಿ ಕಟ್ಟಿದ್ದರಿಂದ ಚರ್ಮದ ಕೆಳಗಿನ ದ್ರವ ಸ್ವಲ್ಪ ಹೊತ್ತು ಅತ್ತಿತ್ತ ಸರಿದಿರುತ್ತದೆ, ಆಮೇಲೆ ಮರಳಿ ತನ್ನ ಜಾಗಕ್ಕೆ ಬರುತ್ತದೆ. ಕಾಲುಚೀಲದ ಗೆರೆ ಕಾಲಿನ ಮೇಲೆ ಮೂಡಿ ಮಾಯವಾಗುವುದಿಲ್ಲವೇ, ಹಾಗೆ. ಮಾರಾಟದ ಚಿತ್ರಗಳಲ್ಲಿ 'ಒಂದೇ ಸಲಕ್ಕೆ ಇಷ್ಟು ಇಳಿಕೆ' ಎಂದು ತೋರಿಸುವುದನ್ನು ನಂಬುವ ಮೊದಲು ಮರುದಿನ ಬೆಳಿಗ್ಗೆಯ ಅಳತೆ ಎಲ್ಲಿದೆ ಎಂದು ಕೇಳಬೇಕು. ಅಳೆಯುವುದಾದರೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಪಟ್ಟಿ ಹಿಡಿದು, ಸಹಜವಾಗಿ ಉಸಿರು ಬಿಟ್ಟ ಮೇಲೆ, ದಿನವೂ ಅದೇ ಹೊತ್ತಿಗೆ ಅಳೆಯಿರಿ.

'ಬೊಜ್ಜು ಕರಗುತ್ತದೆ' ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕರಗುವುದೆಂದರೆ ಮೇಣ ಕರಗಿದಂತೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ಆದರೆ ಜೀವಂತ ಮೈಯ ಶಾಖದಲ್ಲಿ ನಮ್ಮ ಕೊಬ್ಬು ಈಗಾಗಲೇ ದ್ರವವಾಗಿಯೇ ಇರುತ್ತದೆ, ಜೀವಕೋಶಗಳೊಳಗೆ ಹನಿಹನಿಯಾಗಿ. ಅದನ್ನು ಇನ್ನೂ ಬಿಸಿ ಮಾಡಿದರೆ ಹೊರಗೆ ಹರಿದುಹೋಗಲು ದಾರಿಯೇ ಇಲ್ಲ. ಅದು ಕಡಿಮೆಯಾಗಬೇಕಾದರೆ ದೇಹ ಅದನ್ನು ಇಂಧನವಾಗಿ ಉರಿಸಿಕೊಳ್ಳಬೇಕು. ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುತ್ತದೆ. ಬೆವರಿನಲ್ಲಿ ಹೋಗುವುದು ನೀರು ಮತ್ತು ಒಂದಿಷ್ಟು ಉಪ್ಪು. ಈ ಲೆಕ್ಕ ನನಗೆ ಮೊದಲೇ ತಿಳಿದಿದ್ದರೆ ಆ ಆರು ವಾರದ ಸಂಜೆಗಳು ಉಳಿಯುತ್ತಿದ್ದವು.

ಚಿಕಿತ್ಸಾಲಯಗಳಲ್ಲಿ ಶಾಖದಿಂದ ಕೊಬ್ಬಿನ ಕೋಶಗಳನ್ನು ನಾಶ ಮಾಡುವ ಲೇಸರ್ ಯಂತ್ರಗಳಿವೆಯಲ್ಲ ಎಂದು ಕೇಳಬಹುದು. ಇವೆ. ಅವು ಚರ್ಮದ ಮೇಲ್ಭಾಗವನ್ನು ತಂಪಾಗಿಟ್ಟುಕೊಂಡು ಒಳಗಿನ ಪದರವನ್ನು ಮಾತ್ರ 42ರಿಂದ 47 ಡಿಗ್ರಿಯವರೆಗೆ ಕಾಯಿಸುತ್ತವೆ. ಮನೆಯ ಬೆಲ್ಟಿನ ಕೆಲಸ ಇದಕ್ಕೆ ತಿರುಗುಮುರುಗು, ಕಾವು ಮೊದಲು ತಗಲುವುದೇ ಚರ್ಮಕ್ಕೆ. ಒಳಗಿನ ಕೊಬ್ಬಿಗೆ ಏನಾದರೂ ಆಗುವ ಮೊದಲು ಮೇಲಿನ ಚರ್ಮ ಸುಟ್ಟಿರುತ್ತದೆ.

ನನಗೆ ಆದದ್ದೂ ಹೆಚ್ಚುಕಡಿಮೆ ಅದೇ. ಐದನೆಯ ವಾರದಲ್ಲಿ ಹೊಕ್ಕುಳಿನ ಎಡಕ್ಕೆ ಕಂದುಬಣ್ಣದ, ಮೀನಿನ ಬಲೆಯಂತಹ ಗೆರೆಗಳು ಕಾಣಿಸಿಕೊಂಡವು. ನೋವಿಲ್ಲ, ತುರಿಕೆಯಿಲ್ಲ. ಬೆಲ್ಟಿನ ಒತ್ತು ಎಂದುಕೊಂಡು ಸುಮ್ಮನಿದ್ದೆ. ಬೇರೆ ಕಾರಣಕ್ಕೆ ಹೋಗಿದ್ದಾಗ ವೈದ್ಯರು ಅದನ್ನು ನೋಡಿದವರೇ, "ಇಲ್ಲಿ ದಿನಾಲೂ ಏನಾದರೂ ಕಾಯಿಸಿಕೊಳ್ಳುತ್ತೀರಾ?" ಎಂದು ಕೇಳಿದರು. ಅದಕ್ಕೆ ಎರಿಥೀಮಾ ಅಬ್ ಇಗ್ನೆ ಎಂದು ಹೆಸರಂತೆ, 'ಬೆಂಕಿಯಿಂದಾದ ಕೆಂಪು' ಎಂದು ಅರ್ಥ. ಸುಡುವಷ್ಟಲ್ಲದ ಶಾಖ ಅದೇ ಜಾಗಕ್ಕೆ ಮತ್ತೆ ಮತ್ತೆ ತಗುಲಿದರೆ ಬರುತ್ತದೆ. ಒಲೆಯ ಮುಂದೆ ಕೂತು ಕಾಲು ಕಾಯಿಸಿಕೊಳ್ಳುವವರಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರಲ್ಲಿಯೂ ಕಾಣುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಅಪರೂಪಕ್ಕೆ ಅದೇ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದೂ ಉಂಟು. ಬೆಲ್ಟನ್ನು ಅಂದೇ ಬಿಟ್ಟೆ. ಗೆರೆಗಳು ಪೂರ್ತಿ ಮಾಸಲು ಏಳು ತಿಂಗಳು ಬೇಕಾಯಿತು.

ಇನ್ನು ಮಸಾಜರ್. ನಾಲ್ಕು ಉಂಡೆಗಳು ತಿರುಗುವ ತಲೆ, ಅದರ ಮೇಲೆ ಜಾಲರಿ ಬಟ್ಟೆ. ಹತ್ತು ನಿಮಿಷ ಹಿಡಿದರೆ ಮಣಿಕಟ್ಟು ನೋಯುವಷ್ಟು ಭಾರ. ಹೊಟ್ಟೆಯ ಮೇಲೆ ಓಡಿಸಿದರೆ ಚರ್ಮ ಕೆಂಪಾಗುತ್ತದೆ, ರಕ್ತ ಓಡಾಡುತ್ತದೆ, ಹಿತವೆನಿಸುತ್ತದೆ. ಬೊಜ್ಜು ಇದ್ದಲ್ಲೇ ಇರುತ್ತದೆ. ತೊಡೆಯ ಮೇಲಿನ ಗುಳಿಗುಳಿಯಂತಹ ಚರ್ಮ ಒಂದೆರಡು ಗಂಟೆ ನಯವಾಗಿ ಕಾಣುವುದು ನಿಜ. ಆದರೆ ಆ ಗುಳಿಗಳಿಗೆ ಕಾರಣ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದಿರುವ ನಾರುಗಳು, ಅವು ಉಂಡೆ ಉರುಳಿಸಿದರೆ ಕಡಿದುಹೋಗುವುದಿಲ್ಲ. ಯಂತ್ರದಿಂದ ಮೈ ಅಲುಗಾಡಿಸಿ ತೆಳ್ಳಗಾಗುವ ಆಸೆಯೂ ಹೊಸದಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ 19ನೆಯ ಶತಮಾನದಲ್ಲೇ ವ್ಯಾಯಾಮ ಮತ್ತು ಅಂಗಮರ್ದನದ ಯಂತ್ರಗಳನ್ನು ಕಟ್ಟಿದ್ದ. 1950ರ ದಶಕದಲ್ಲಿ ಸೊಂಟಕ್ಕೆ ಪಟ್ಟಿ ಹಾಕಿ ಗಡಗಡ ನಡುಗಿಸುವ ಯಂತ್ರಗಳು ಅಮೆರಿಕದ ಎಷ್ಟೋ ಮನೆಗಳಿಗೆ ಬಂದವು. ನಡುಗಿದ್ದು ಯಂತ್ರ, ಸ್ನಾಯು ದುಡಿಯಲಿಲ್ಲ. ಫಲವೂ ಹಾಗೆಯೇ.

ಹಾಗಿದ್ದರೆ ಬೆಲ್ಟನ್ನು ಏಕೆ ಇಟ್ಟುಕೊಂಡಿದ್ದೇನೆ? ಎರಡನೆಯ ಚಳಿಗಾಲದಲ್ಲಿ ನನ್ನ ನಿಜವಾದ ತೊಡಕು ಏನೆಂದು ಅರ್ಥವಾಯಿತು. ಚಳಿ ಬಂತೆಂದರೆ ನನ್ನ ನಡಿಗೆ ನಿಂತುಹೋಗುತ್ತಿತ್ತು. ಬೆಳಿಗ್ಗೆ ಎದ್ದರೆ ಸೊಂಟ ಮರದ ಕೊರಡು, ಮೀನಖಂಡ ಸೆಟೆದುಕೊಂಡಿರುತ್ತಿತ್ತು. ಹೊದಿಕೆಯೊಳಗೆ ಇನ್ನೊಂದು ಗಂಟೆ ಮುದುರಿಕೊಂಡರೆ ಆ ದಿನದ ನಡಿಗೆ ಹೋದಂತೆಯೇ. ಬೆಲ್ಟನ್ನು ಹೊಟ್ಟೆಯ ಮೇಲಿಂದ ಬೆನ್ನಿನ ಕೆಳಭಾಗಕ್ಕೆ ತಿರುಗಿಸಿ, ಕೆಳಗಿನ ಹಂತದಲ್ಲಿ, ದಪ್ಪ ಬಟ್ಟೆಯ ಮೇಲೆ, ಹದಿನೈದು ನಿಮಿಷ ಮಾತ್ರ ಇಟ್ಟು ನೋಡಿದೆ. ಸೆಟೆದ ಸೊಂಟ ಸಡಿಲವಾಯಿತು. ಆಮೇಲೆ ಅಂಗೈಗೆ ಎರಡು ಹನಿ ಎಣ್ಣೆ ಹಾಕಿಕೊಂಡು, ಹಿಮ್ಮಡಿಯಿಂದ ಮಂಡಿಯ ಕಡೆಗೆ ಮೀನಖಂಡಗಳನ್ನು ಐದು ನಿಮಿಷ ನೀವುತ್ತೇನೆ. ಇದಕ್ಕೆ ಮಸಾಜರ್ ಬೇಕಾಗಿಲ್ಲ, ಕೈಯೇ ವಾಸಿ. ಗಂಟು ಎಲ್ಲಿದೆ ಎಂದು ಹೆಬ್ಬೆರಳಿಗೆ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ಮೈ ಬೆಚ್ಚಗಿರುವಾಗಲೇ ಬೂಟು ಹಾಕಿಕೊಂಡು ಹೊರಟುಬಿಡುತ್ತೇನೆ, ನಲವತ್ತು ನಿಮಿಷ ಬಿರುಸಾದ ನಡಿಗೆ.

ಆ ಚಳಿಗಾಲದ ಕೊನೆಗೆ ಸೊಂಟ 92 ಸೆಂಟಿಮೀಟರ್, ತೂಕ 75.1 ಕಿಲೋ. ರಾತ್ರಿಯ ಊಟ ಸ್ವಲ್ಪ ಕಡಿಮೆ ಮಾಡಿದ್ದೆ ಎಂಬುದನ್ನೂ ಹೇಳಬೇಕು. ಈ ಇಳಿಕೆ ನಡಿಗೆಯದ್ದು, ಊಟದ್ದು. ಬೆಲ್ಟ್ ಮಾಡಿದ್ದು ನನ್ನನ್ನು ಬಾಗಿಲ ತನಕ ತಲುಪಿಸುವ ಕೆಲಸ. ನನ್ನ ಪಾಲಿಗೆ ಅದು ಸಣ್ಣ ಕೆಲಸವೇನೂ ಅಲ್ಲ.

ಬಿಸಿನೀರಿನ ಚೀಲದ ಬಗ್ಗೆ ಬರೆಯುವಾಗ ಈಗಲೂ ನನ್ನ ಎದೆ ಭಾರವಾಗುತ್ತದೆ. ಅಕ್ಕನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ನಮ್ಮ ಮನೆಗೆ ಬಂದಿದ್ದ ರಾತ್ರಿ ಪಾದ ತಣ್ಣಗಿದೆ ಎಂದು ಚೀಲವನ್ನು ಕಾಲಬುಡದಲ್ಲಿಟ್ಟುಕೊಂಡು ಮಲಗಿದಳು. ಬೆಳಿಗ್ಗೆ ನೋಡಿದರೆ ಪಾದದ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ನೀರುಗುಳ್ಳೆ. "ಅಕ್ಕಾ, ಸುಡಲಿಲ್ಲವೇ?" ಎಂದರೆ, "ಬೆಚ್ಚಗಿತ್ತು ಕಣೇ, ಅಷ್ಟೇ" ಎಂದಳು. ನರಗಳು ಸೋತ ಕಾಲಿಗೆ ಬಿಸಿಯ ಅರಿವೇ ಇರುವುದಿಲ್ಲ. ಕೇವಲ 44 ಡಿಗ್ರಿಯ ಶಾಖವೂ ಸುಮಾರು ಆರು ಗಂಟೆ ಒಂದೇ ಕಡೆ ತಗುಲಿದರೆ ಚರ್ಮ ಸುಡುತ್ತದೆ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಸಕ್ಕರೆ ಕಾಯಿಲೆಯವರು, ಮೈಯ ಯಾವುದೇ ಭಾಗ ಜೋಮುಗಟ್ಟಿದವರು ಇವನ್ನು ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರು ಹೊಟ್ಟೆಗೆ ಕಾವು ಕೊಟ್ಟುಕೊಳ್ಳಬಾರದು. ಒಂದೇ ಕಾಲು ಬಾತು ನೋಯುತ್ತಿದ್ದರೆ ಅದನ್ನು ನೀವಲೂಬಾರದು, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ನೋವಿನ ಮುಲಾಮು ಹಚ್ಚಿದ ಜಾಗದ ಮೇಲೆ ಬೆಲ್ಟ್ ಬೇಡ. ಹಾಕಿಕೊಂಡು ನಿದ್ದೆ ಮಾಡುವುದಂತೂ ಬೇಡವೇ ಬೇಡ.

ಚೀಲಕ್ಕೆ ಕುದಿಯುವ ನೀರು ಸುರಿಯದೆ, ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಗಾಳಿ ಹೊರಡಿಸಿ ಬಿರಡೆ ತಿರುಗಿಸಿ. ಹಲವು ಚೀಲಗಳ ಮೇಲೆ ಹೂವಿನಾಕಾರದ ಗುರುತಿನಲ್ಲಿ ತಯಾರಿಯ ವರ್ಷ, ತಿಂಗಳು ಅಚ್ಚಾಗಿರುತ್ತದೆ. ಎರಡು ವರ್ಷ ಕಳೆದಿದ್ದರೆ ಬದಲಿಸಿ.

ಬೆಲ್ಟಿನ ಬಾಳಿಕೆ ಸಾಧಾರಣ. ವೆಲ್ಕ್ರೋ ತುಂಬ ಬಟ್ಟೆಯ ಎಳೆ ಸಿಕ್ಕಿಕೊಂಡು ಹಿಡಿತ ಸಡಿಲವಾಗಿದೆ. ಒಳಹೊದಿಕೆ ತೆಗೆದು ಒಗೆಯಲು ಬರುವುದಿಲ್ಲ, ಬೆವರಿನ ವಾಸನೆ ಹೋಗುವುದಿಲ್ಲ. ಕಳೆದ ವಾರ ಸ್ವಿಚ್ಚಿನ ಬುಡದಲ್ಲಿ ವೈರಿನ ಹೊರಕವಚ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದು ಕಂಡಿತು. ಬೆವರಿನ ಮೈಗೆ ಕಟ್ಟುವ ವಿದ್ಯುತ್ ವಸ್ತುವಿನಲ್ಲಿ ಅಷ್ಟೇ ಸಾಕು, ಅಂದಿನಿಂದ ಅದನ್ನು ಪ್ಲಗ್ಗಿಗೆ ಹಾಕಿಲ್ಲ. ಹೊಸದನ್ನು ಕೊಳ್ಳುತ್ತೇನೆ. ಈ ಸಲ ಬೆನ್ನಿನಷ್ಟೇ ಅಗಲದ, ಇದರಂತೆಯೇ ತಾನಾಗಿ ಆರುವ, ಆದರೆ ಹೊದಿಕೆ ಬಿಚ್ಚಿ ಒಗೆಯಬಹುದಾದ ಕಾವಿನ ಪಟ್ಟಿ.