ಟ್ರ್ಯಾಕ್‌ಬಾಲ್ ಕೊಳ್ಳುವ ಮೊದಲು ನೋವು ಎಲ್ಲಿದೆ ನೋಡಿ

ಮೌಸ್ ಹಿಡಿದು ಹಿಡಿದು ಕೈ ನೋಯತೊಡಗಿದವರು ಅದರ ಬದಲಿಗೆ ಬಾಲ್ ಹೊರಳಿಸಿ ಕರ್ಸರ್ ಓಡಿಸುವ ಟ್ರ್ಯಾಕ್‌ಬಾಲ್ ಹುಡುಕಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, ಯಾವ ಕಂಪನಿಯದು ಒಳ್ಳೆಯದು ಅಂತ. ಆದರೆ ನೋವು ಕೈಯ ಯಾವ ಜಾಗದಲ್ಲಿದೆ ಎಂಬುದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಭುಜ ನೋಯುವವರಿಗೆ ಹೇಳಿ ಮಾಡಿಸಿದಂತಿರುವ ಮಾದರಿ, ಹೆಬ್ಬೆರಳಿನ ಬುಡ ನೋಯುವವರ ಕೈಗೆ ಹೋದರೆ ತಿಂಗಳೊಳಗೆ ನೋವು ಇಮ್ಮಡಿಯಾಗಬಹುದು.

ಟ್ರ್ಯಾಕ್‌ಬಾಲ್ ಮೇಜಿನ ಮೇಲೆ ಕೂತಲ್ಲೇ ಕೂತಿರುತ್ತದೆ, ಬೆರಳು ಮಾತ್ರ ಬಾಲನ್ನು ಹೊರಳಿಸುತ್ತದೆ. ಹಾಗಾಗಿ ಭುಜ ಮತ್ತು ಮೊಣಕೈಗೆ ಓಡಾಟ ತಪ್ಪುತ್ತದೆ, ಮಣಿಕಟ್ಟನ್ನು ಎಡಕ್ಕೂ ಬಲಕ್ಕೂ ಬಾಗಿಸುವುದು ನಿಲ್ಲುತ್ತದೆ. ಅದರಿಂದ ಸಿಗುವ ಲಾಭ ಇಷ್ಟೇ. ಕ್ಲಿಕ್‌ಗಳ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ. ಅಂಗೈ ಕೆಳಮುಖವಾಗಿ ತಿರುಚಿಕೊಂಡೇ ಇರುವುದು, ಮಣಿಕಟ್ಟು ಮೇಲಕ್ಕೆ ಬಾಗುವುದು, ಇವೆರಡೂ ಮಾದರಿಯನ್ನು ಅವಲಂಬಿಸಿವೆ. ನೋವಿಗೆ ಕಾರಣ ಓಡಾಟವೋ ಕ್ಲಿಕ್ಕೋ ಎಂಬುದನ್ನು ಮೊದಲೇ ಬೇರೆ ಮಾಡಿ ನೋಡಿದರೆ ಅರ್ಧ ಆಯ್ಕೆ ಮುಗಿದಂತೆ.

ಭುಜ, ಕುತ್ತಿಗೆಯ ಪಕ್ಕ, ತೋಳಿನ ಮೇಲ್ಭಾಗ ನೋಯುತ್ತಿದ್ದರೆ ಹೆಚ್ಚುಕಡಿಮೆ ಯಾವ ಟ್ರ್ಯಾಕ್‌ಬಾಲಾದರೂ ನಡೆಯುತ್ತದೆ. ಅಂಕಿಗಳ ಭಾಗವಿರುವ ಉದ್ದನೆಯ ಕೀಬೋರ್ಡ್ ಮೌಸನ್ನು ಬಲಕ್ಕೆ ದೂರ ತಳ್ಳಿರುತ್ತದೆ, ತೋಳು ದಿನವಿಡೀ ಹೊರಕ್ಕೆ ಚಾಚಿಕೊಂಡಿರುತ್ತದೆ. ಟ್ರ್ಯಾಕ್‌ಬಾಲಿಗೆ ಜಾಗ ಸ್ವಲ್ಪ ಸಾಕು, ಆದ್ದರಿಂದ ಮೈಗೆ ಹತ್ತಿರ ಎಳೆದುಕೊಳ್ಳಿ. ಹಳೆಯ ಮೌಸ್ ಇದ್ದ ಜಾಗದಲ್ಲೇ ಅದನ್ನೂ ಇಟ್ಟರೆ ಕೊಂಡ ಹಣ ನೀರುಪಾಲು.

ಮೊಣಕೈಯ ಹೊರಬದಿ ನೋಯುವವರ ಕಥೆ ಬೇರೆ. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತುವ ಸ್ನಾಯುಗಳು ಶುರುವಾಗುವುದು ಅಲ್ಲಿಂದ. ಬಟನ್ ಅಪ್ಪಿತಪ್ಪಿ ಒತ್ತಿಹೋಗದಂತೆ ಬೆರಳನ್ನು ಕೂದಲೆಳೆಯಷ್ಟು ಮೇಲೆ ಎತ್ತಿ ಹಿಡಿದಿರುವ ಅಭ್ಯಾಸವೇ ಇಲ್ಲಿ ದೊಡ್ಡ ಶತ್ರು. ಇಂಥವರಿಗೆ ಎತ್ತರ ಕಡಿಮೆಯಿರುವ, ಬೆರಳು ಹಾಗೇ ಇಟ್ಟರೂ ಕ್ಲಿಕ್ ಆಗದಷ್ಟು ಬಿಗಿಯಾದ ಬಟನ್ ಇರುವ ಮಾದರಿ ಬೇಕು.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ನೋವಿದ್ದರೆ ಹೆಬ್ಬೆರಳಿನಿಂದ ಹೊರಳಿಸುವ ಬಾಲನ್ನು ಮುಟ್ಟಲೇಬೇಡಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ಬಾಗಿಸಿದಾಗ ಆ ಜಾಗದಲ್ಲಿ ಚುಳುಕ್ಕೆಂದರೆ ಡಿ ಕ್ವೆರ್ವೇನ್ ಎಂಬ ತೊಂದರೆಯ ಅನುಮಾನ ಬರುತ್ತದೆ. ಹೆಬ್ಬೆರಳಿನ ಎರಡು ಸ್ನಾಯುರಜ್ಜುಗಳು ಹಾದುಹೋಗುವ ಒರೆ ದಪ್ಪಗಾಗಿ, ರಜ್ಜು ಸರಾಗವಾಗಿ ಜಾರದೆ ನೋಯುವುದು ಅದು. ಜೋರಾಗಿ ಬಾಗಿಸಿ ಪರೀಕ್ಷಿಸಬೇಡಿ, ಖಚಿತಪಡಿಸುವ ಕೆಲಸ ವೈದ್ಯರದು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ, ಹಿಡಿದ ವಸ್ತು ಕೈಜಾರುತ್ತಿದ್ದರೆ ಟ್ರ್ಯಾಕ್‌ಬಾಲ್ ಆಮೇಲೆ, ವೈದ್ಯರು ಮೊದಲು. ಜೋಮು ಉಂಗುರಬೆರಳು ಮತ್ತು ಕಿರುಬೆರಳಿನಲ್ಲಿದ್ದರೆ ಮೊಣಕೈಯನ್ನು ಕುರ್ಚಿಯ ಗಟ್ಟಿ ಕೈಯ ಮೇಲೆ ಊರುತ್ತಿದ್ದೀರಾ ನೋಡಿ. ಅಲ್ಲಿ ಒತ್ತಿಕೊಂಡ ನರಕ್ಕೆ ಯಾವ ಬಾಲೂ ಪರಿಹಾರವಲ್ಲ.

ಇನ್ನು ಮಾದರಿಗಳು.

ಹೆಬ್ಬೆರಳ ಬಾಲ್‌ನಲ್ಲಿ ಹೆಚ್ಚು ಓಡುವವು ಲಾಜಿಟೆಕ್‌ನ ಎರಡು. 2020ರಲ್ಲಿ ಬಂದ ಎರ್ಗೋ ಎಂ575 ಮತ್ತು 2017ರ ಎಂಎಕ್ಸ್ ಎರ್ಗೋ. ಎರಡರಲ್ಲೂ ಬಾಲ್ 34 ಮಿ.ಮೀ. ಎಡ, ಬಲ ಕ್ಲಿಕ್ ಮತ್ತು ಸ್ಕ್ರೋಲ್ ಚಕ್ರ ಮೌಸ್‌ನಲ್ಲಿರುವಂತೆಯೇ ಇರುವುದರಿಂದ ಕೈ ಬೇಗ ಒಗ್ಗಿಕೊಳ್ಳುತ್ತದೆ. ಎಂ575 ಒಂದು ಎಎ ಬ್ಯಾಟರಿಯಲ್ಲಿ ನಡೆಯುತ್ತದೆ, ಬದಲಿಸುವ ಪ್ರಸಂಗವೇ ಅಪರೂಪ. ಎಂಎಕ್ಸ್ ಎರ್ಗೋದ ಅಡಿಯಲ್ಲಿ ಆಯಸ್ಕಾಂತಕ್ಕೆ ಅಂಟುವ ಲೋಹದ ತಟ್ಟೆಯಿದೆ, ಅದನ್ನು ಮಗುಚಿದರೆ ಇಡೀ ಸಾಧನ 20 ಡಿಗ್ರಿ ಹೊರಕ್ಕೆ ವಾಲುತ್ತದೆ. ಈ ವಾಲುವಿಕೆಗಾಗಿಯೇ ಅದನ್ನು ಕೊಳ್ಳಬೇಕು. ಅಂಗೈಯ ತಿರುಚು ಕಡಿಮೆಯಾಗಿ ಮುಂಗೈ ಸಡಿಲವಾಗುವುದು ಕೂಡಲೇ ತಿಳಿಯುತ್ತದೆ. ಹಳೆಯದರಲ್ಲಿ ಚಾರ್ಜಿಂಗ್‌ಗೆ ಮೈಕ್ರೋ ಯುಎಸ್‌ಬಿ ಇತ್ತು, 2024ರ ಎಂಎಕ್ಸ್ ಎರ್ಗೋ ಎಸ್‌ನಲ್ಲಿ ಯುಎಸ್‌ಬಿ-ಸಿ ಬಂದಿದೆ, ಕ್ಲಿಕ್ ಸದ್ದೂ ತಗ್ಗಿದೆ. ಇವೆಲ್ಲ ಬಲಗೈಗೆ ಮಾತ್ರ. ಎಡಗೈಯವರು ಎಲೆಕಾಮ್‌ನ ಇಎಕ್ಸ್-ಜಿ ಸರಣಿಯ ಎಡಗೈ ಮಾದರಿ ನೋಡಬಹುದು.

ಬೆರಳುಗಳಿಂದ ಹೊರಳಿಸುವ ದೊಡ್ಡ ಬಾಲ್ ಎಂದರೆ ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್. 55 ಮಿ.ಮೀ. ಬಾಲ್, ಸುತ್ತಲೂ ಸ್ಕ್ರೋಲ್ ಮಾಡುವ ಉಂಗುರ, ನಾಲ್ಕು ಮೂಲೆಗೆ ನಾಲ್ಕು ಬಟನ್. ಎರಡೂ ಕೈಗೆ ಸಲ್ಲುತ್ತದೆ, ಇದು ಅದರ ಬಹುದೊಡ್ಡ ಗುಣ. ಕೊರತೆಯೆಂದರೆ ಎತ್ತರ. ಜೊತೆಗೆ ಬರುವ ಮೆತ್ತೆಯನ್ನು ಬಳಸದಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಮೆತ್ತೆಯ ಮೇಲೆ ಊರಬೇಕಾದ್ದು ಅಂಗೈಯ ಬುಡ, ಮಣಿಕಟ್ಟಿನ ಒಳಬದಿಯಲ್ಲ. ಅದೇ ಕಂಪನಿಯ ಸ್ಲಿಮ್‌ಬ್ಲೇಡ್ ಇದಕ್ಕಿಂತ ತಗ್ಗು, ಮೊಣಕೈ ನೋವಿನವರಿಗೆ ಅದೇ ವಾಸಿ. ಅದರಲ್ಲಿ ಉಂಗುರವಿಲ್ಲ, ಬಾಲನ್ನೇ ಬುಗುರಿಯಂತೆ ನಿಂತಲ್ಲೇ ತಿರುಗಿಸಿದರೆ ಪುಟ ಸರಿಯುತ್ತದೆ. ದಿನವಿಡೀ ಉದ್ದುದ್ದ ಕಡತ ಓದುವವರ ಬೆರಳತುದಿಗೆ ಈ ತಿರುಗಿಸುವಿಕೆ ಬೇಗ ಬೇಸರ ತರಿಸುತ್ತದೆ. ಕೈ ಚಿಕ್ಕದಿದ್ದರೆ 40 ಮಿ.ಮೀ. ಬಾಲ್ ಮತ್ತು ಸ್ಕ್ರೋಲ್ ಉಂಗುರವಿರುವ ಆರ್ಬಿಟ್ ಸಾಕು. ಅದರಲ್ಲಿ ಬಟನ್ ಎರಡೇ.

ಎಲೆಕಾಮ್ ಹ್ಯೂಜ್‌ಗೆ 52 ಮಿ.ಮೀ. ಬಾಲ್, 8 ಬಟನ್, ಅಂಗೈಗೆ ಅಗಲವಾದ ಮೆತ್ತನೆ ಆಸರೆ. ಇಡೀ ಕೈ ಒರಗಿಕೊಳ್ಳುವ ಸುಖ ಬೇರೆ ಯಾವುದರಲ್ಲೂ ಇಷ್ಟಿಲ್ಲ. ಆದರೆ ಗಮನಿಸಿ, ಎಡ ಕ್ಲಿಕ್ ಮತ್ತು ಸ್ಕ್ರೋಲ್ ಚಕ್ರ ಎರಡೂ ಇರುವುದು ಹೆಬ್ಬೆರಳಿನ ಕೆಳಗೆ.

ಬಹಳಷ್ಟು ಜನ ಎಡವುವುದು ಇಲ್ಲಿಯೇ. ಹೆಬ್ಬೆರಳು ನೋಯುತ್ತದೆಂದು ಬೆರಳ ಬಾಲ್ ಕೊಳ್ಳುತ್ತಾರೆ, ಬೆರಳುಗಳು ಬಾಲಿಗೆ ಹೋದ ಮೇಲೆ ಕ್ಲಿಕ್ ಮಾಡುವ ಹೊಣೆ ಮತ್ತೆ ಹೆಬ್ಬೆರಳಿಗೇ ಬೀಳುತ್ತದೆ. ಎಕ್ಸ್‌ಪರ್ಟ್ ಮೌಸ್‌ನಲ್ಲೂ ಕೆಳ ಎಡ ಮೂಲೆಯ ಬಟನ್ ಒತ್ತುವುದು ಬಲಗೈಯ ಹೆಬ್ಬೆರಳೇ. ಅಲ್ಲಿ ಉಪಾಯವಿದೆ. ಕೆನ್ಸಿಂಗ್ಟನ್‌ವರ್ಕ್ಸ್ ತಂತ್ರಾಂಶದಲ್ಲಿ ಎಡ ಕ್ಲಿಕ್ಕನ್ನು ಮೇಲಿನ ಎಡ ಮೂಲೆಗೆ ಹಾಕಿದರೆ ತೋರುಬೆರಳಿನಿಂದ ಒತ್ತಬಹುದು. ಇನ್ನೂ ಒಳ್ಳೆಯದು ಕ್ಲಿಕ್ಕನ್ನು ಆ ಕೈಯಿಂದಲೇ ತೆಗೆದುಬಿಡುವುದು. ಮ್ಯಾಕ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಕರ್ಸರ್ ನಿಂತರೆ ತಾನೇ ಕ್ಲಿಕ್ ಆಗುವ ಡ್ವೆಲ್ ಸೌಲಭ್ಯವಿದೆ, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೂ ಅಂಥದ್ದಿದೆ. ವಿಂಡೋಸ್‌ನಲ್ಲಿ ಮೌಸ್ ಕೀಸ್ ಚಾಲೂ ಮಾಡಿ, ಅಂಕಿಗಳ ಪ್ರತ್ಯೇಕ ಕೀಪ್ಯಾಡನ್ನು ಎಡಗೈ ಬಳಿ ಇಟ್ಟುಕೊಂಡರೆ 5 ಒತ್ತಿದರೆ ಕ್ಲಿಕ್, 0 ಒತ್ತಿದರೆ ಬಟನ್ ಹಿಡಿದಂತೆ, ಚುಕ್ಕಿ ಒತ್ತಿದರೆ ಬಿಟ್ಟಂತೆ.

ಒತ್ತಿಹಿಡಿದು ಎಳೆಯುವ ಕೆಲಸ ಎಲ್ಲ ಟ್ರ್ಯಾಕ್‌ಬಾಲ್‌ಗಳ ದುರ್ಬಲ ಜಾಗ. ಬಟನ್ ಬಿಗಿಹಿಡಿದಿರುವ ಕೈಯೇ ಬಾಲನ್ನೂ ಹೊರಳಿಸಬೇಕು, ಆಗ ಇಡೀ ಅಂಗೈ ಸೆಟೆದುಕೊಳ್ಳುತ್ತದೆ. ವಿಂಡೋಸ್‌ನ ಮೌಸ್ ಪ್ರಾಪರ್ಟೀಸ್‌ನಲ್ಲಿ ಕ್ಲಿಕ್‌ಲಾಕ್ ಆನ್ ಮಾಡಿ, ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಬಟನ್ ಹಿಡಿದೇ ಇರುತ್ತದೆ, ಮತ್ತೊಮ್ಮೆ ಕ್ಲಿಕ್ ಮಾಡಿದರೆ ಬಿಡುತ್ತದೆ. ಚಿತ್ರ ಬಿಡಿಸುವವರು, ವಿಡಿಯೋ ಸಂಕಲನ ಮಾಡುವವರು ಇದನ್ನು ಮೊದಲ ದಿನವೇ ಹೊಂದಿಸಿಕೊಳ್ಳಬೇಕು. ಪ್ಲೂಪಿ ಎಂಬ ತೆರೆದ ವಿನ್ಯಾಸದ ಟ್ರ್ಯಾಕ್‌ಬಾಲ್ ಕ್ಯೂಎಂಕೆ ಎಂಬ ಫರ್ಮ್‌ವೇರ್‌ನಲ್ಲಿ, ಅಂದರೆ ಸಾಧನದೊಳಗೇ ಇರುವ ತಂತ್ರಾಂಶದಲ್ಲಿ ನಡೆಯುವುದರಿಂದ ಇಂಥ ವರ್ತನೆಯನ್ನೆಲ್ಲ ಸಾಧನದೊಳಗೇ ಬರೆದಿಡಬಹುದು. ತಂತ್ರಾಂಶ ಹಾಕಲು ಬಿಡದ ಕಚೇರಿ ಕಂಪ್ಯೂಟರ್ ಬಳಸುವವರಿಗೆ ಇದು ದೊಡ್ಡ ಅನುಕೂಲ.

ವೇಗದ ಲೆಕ್ಕ ಒಂದನ್ನು ಮಾಡಿ ನೋಡಿ. 34 ಮಿ.ಮೀ. ಬಾಲ್‌ನ ಸುತ್ತಳತೆ ಸುಮಾರು 107 ಮಿ.ಮೀ. ಡಿಪಿಐ, ಅಂದರೆ ಬಾಲ್ ಒಂದು ಇಂಚು ಉರುಳಿದರೆ ಕರ್ಸರ್ ಸರಿಯುವ ಪಿಕ್ಸೆಲ್‌ಗಳ ಸಂಖ್ಯೆ, 400 ಇದ್ದರೆ 1920 ಪಿಕ್ಸೆಲ್ ಅಗಲದ ಪರದೆ ದಾಟಲು ಬಾಲ್ 122 ಮಿ.ಮೀ. ಉರುಳಬೇಕು, ಅಂದರೆ ಪೂರ್ತಿ ಒಂದು ಸುತ್ತಿಗೂ ಹೆಚ್ಚು. 1000ಕ್ಕೆ ಏರಿಸಿದರೆ 49 ಮಿ.ಮೀ., 1500ಕ್ಕೆ ಸುಮಾರು 33. ಹೆಬ್ಬೆರಳು ಚಾಚಿ ಚಾಚಿ ನೋಯುವುದು ಡಿಪಿಐ ಕಡಿಮೆ ಇಟ್ಟಾಗ. ತೀರಾ ಏರಿಸಿದರೆ ಸಣ್ಣ ಗುರಿಯ ಮೇಲೆ ನಿಲ್ಲಿಸಲು ಬೆರಳು ಬಿಗಿಯಬೇಕು, ಅದೂ ನೋವೇ. ಆದ್ದರಿಂದ ವಿಂಡೋಸ್‌ನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಆನ್ ಆಗಿರಲಿ. ಆಟ ಆಡುವವರು ಇದನ್ನು ಆಫ್ ಮಾಡಿ ಎನ್ನುತ್ತಾರೆ, ಆ ಸಲಹೆ ಮೌಸಿಗೆ. ಟ್ರ್ಯಾಕ್‌ಬಾಲ್‌ನಲ್ಲಿ ಜೋರಾಗಿ ತಿರುಗಿಸಿದಾಗ ದೂರ, ಮೆಲ್ಲಗೆ ತಿರುಗಿಸಿದಾಗ ಹತ್ತಿರ ಹೋಗುವುದೇ ಬೇಕಾದದ್ದು. 55 ಮಿ.ಮೀ. ಬಾಲಿಗೆ ತೂಕವೂ ಇರುವುದರಿಂದ ಒಮ್ಮೆ ತಳ್ಳಿಬಿಟ್ಟರೆ ತಾನೇ ಸ್ವಲ್ಪ ದೂರ ಉರುಳುತ್ತದೆ.

ಕೊಳೆ ತೆಗೆಯುವುದನ್ನು ನೋವಿನ ಚಿಕಿತ್ಸೆಯ ಭಾಗವೆಂದೇ ತಿಳಿಯಿರಿ. ಬಾಲ್ ಕೂತಿರುವುದು ಸಾಸಿವೆಗಿಂತ ದೊಡ್ಡದಲ್ಲದ ಮೂರು ಮಣಿಗಳ ಮೇಲೆ. ಚರ್ಮದ ಎಣ್ಣೆ, ಧೂಳು ಸೇರಿ ಆ ಮಣಿಗಳ ಸುತ್ತ ಬೂದು ಬಣ್ಣದ ಮೆತ್ತು ಕೂರುತ್ತದೆ. ಆಗ ಬಾಲ್ ಹೊರಡುವಾಗ ಒಂದು ಕ್ಷಣ ಕಚ್ಚಿಕೊಂಡು ಆಮೇಲೆ ಜಿಗಿಯುತ್ತದೆ, ಕರ್ಸರ್ ಗುರಿ ದಾಟುತ್ತದೆ, ಗೊತ್ತಿಲ್ಲದೇ ಬೆರಳು ಇನ್ನಷ್ಟು ಒತ್ತುತ್ತದೆ. ವಾರಕ್ಕೊಮ್ಮೆ ಬಾಲ್ ಹೊರತೆಗೆಯಿರಿ. ಲಾಜಿಟೆಕ್‌ನವಾದರೆ ಅಡಿಯ ರಂಧ್ರದಿಂದ ಪೆನ್ಸಿಲಿನ ಹಿಂತುದಿಯಲ್ಲಿ ತಳ್ಳಬೇಕು, ಎಕ್ಸ್‌ಪರ್ಟ್ ಮೌಸ್ ಮಗುಚಿದರೆ ಸಾಕು, ಕೈಯೊಡ್ಡಿರಿ, ಬಾಲ್ ಭಾರವಿದೆ. ಹತ್ತಿ ಸುತ್ತಿದ ಕಡ್ಡಿಯಿಂದ ಮೂರೂ ಮಣಿ ಒರೆಸಿ, ಸೆನ್ಸರ್ ಕಿಟಕಿಯ ಮೇಲೆ ಕೂದಲೆಳೆ ಇದೆಯೇ ನೋಡಿ, ಬಾಲನ್ನು ಒಣಬಟ್ಟೆಯಲ್ಲಿ ಒರೆಸಿ. ಅಸಿಟೋನ್ ಬೇಡ, ಪ್ಲಾಸ್ಟಿಕ್ ಮೇಲ್ಮೈ ಕೆಡುತ್ತದೆ. ಸೋಪಿನಲ್ಲಿ ತೊಳೆದ ಬಾಲ್ ಮೊದಲಿಗೆ ಇನ್ನೂ ಬಿಗಿಯಾಗಿ ತಿರುಗುತ್ತದೆ, ಹೆದರಬೇಡಿ, ಅಂಗೈಯಲ್ಲಿ ಹೊರಳಿಸಿ ಹಾಕಿದರೆ ಚರ್ಮದ ಜಿಡ್ಡೇ ಅದಕ್ಕೆ ಎಣ್ಣೆ.

ಕೊಂಡ ಮೊದಲ ವಾರ ಕೆಲಸ ನಿಧಾನವಾಗುತ್ತದೆ. ಒಂದೇ ದಿನದಲ್ಲಿ ಪೂರ್ತಿ ಬದಲಾಯಿಸದೆ ಬೆಳಗ್ಗೆ ಟ್ರ್ಯಾಕ್‌ಬಾಲ್, ಮಧ್ಯಾಹ್ನ ಹಳೆಯ ಮೌಸ್ ಎಂದು ಹಂಚಿಕೊಳ್ಳಿ, ಈವರೆಗೆ ದುಡಿಯದ ಬೆರಳುಗಳಿಗೆ ಹೊಸ ನೋವು ಬರುವುದು ತಪ್ಪುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಮೂರು ವಿಷಯ ಪರೀಕ್ಷಿಸಿ. ಬೆರಳುಗಳು ಸಡಿಲವಾಗಿ ಒರಗಿದಾಗ ಬಟನ್ ತಾನೇ ಒತ್ತಿಹೋಗುತ್ತದೆಯೇ, ಅಂಗೈ ಕದಲಿಸದೆ ಪರದೆಯ ನಾಲ್ಕೂ ಮೂಲೆಗೆ ಕರ್ಸರ್ ಹೋಗುತ್ತದೆಯೇ, ಸಂಜೆಯ ಹೊತ್ತಿಗೆ ಹೊಸ ಜಾಗದಲ್ಲಿ ನೋವು ಕಾಣಿಸಿಕೊಳ್ಳುತ್ತಿದೆಯೇ. ಎರಡು ವಾರ ಕಳೆದರೂ ಆ ಹೊಸ ನೋವು ಉಳಿದಿದ್ದರೆ ಒಗ್ಗಿಹೋದೀತೆಂದು ಕಾಯಬೇಡಿ, ಸಾಧನವನ್ನು ವಾಪಸು ಕಳಿಸಿ.